ಕಡಲು ದಾಟಿದ ಬಿದರಿ ಕಲೆ



ನಮ್ಮ ಬೇತಮಂಗಲದ ಕೆರೆಯಲ್ಲಿ ನಿಂತ ಪಾಲಾರ್ ನೀರು ಕೆ.ಜಿ.ಎಫ್. ಗಣಿಗಳಿಗೆ ಹರಿಯಿತು. ಅಲ್ಲಿ ತೆಗೆದ ಚಿನ್ನ ಬ್ರಿಟಿಷರ ಕಾಲದಲ್ಲಿ ಲಂಡನ್ನಿಗೆ ಹೋಯಿತು. ಆ ಚಿನ್ನದ ಗಟ್ಟಿಗಳ ಮೇಲೆ ಗಣಿ ಕಾರ್ಮಿಕನ ಹೆಸರಿರಲಿಲ್ಲ. ನಮ್ಮ ರಾಜ್ಯದಿಂದ ಕಡಲು ದಾಟಿದ ಇನ್ನೊಂದು ಲೋಹದ ವಸ್ತುವಿನ ಕಥೆಯೂ ಹೀಗೆಯೇ ಇದೆ. ಅದು ಬೀದರಿನ ಬಿದರಿ ಕಲೆ.

ಬಹಮನಿ ಸುಲ್ತಾನರ ಕಾಲದಲ್ಲಿ ಈ ಕಲೆ ಪರ್ಷಿಯಾದಿಂದ ಬಂದಿತೆಂಬುದು ಪ್ರತೀತಿ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಹೂಬಳ್ಳಿಗಳನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಸರಿಯಾದ ಮಣ್ಣು ಯಾವುದೆಂದು ನಾಲಿಗೆಯ ಮೇಲಿಟ್ಟು ಪರೀಕ್ಷಿಸುವ ಕುಶಲಕರ್ಮಿಗಳಿದ್ದಾರೆ.

ಮೊದಲು ಈ ಕಲೆಗೆ ಆಸರೆ ಅರಮನೆಗಳು ಮತ್ತು ಶ್ರೀಮಂತರ ಮನೆಗಳು. ಹುಕ್ಕಾದ ಬುಡ, ಪಾನ್‌ದಾನ್, ಹೂಜಿ, ಕೈತೊಳೆಯುವ ಪಾತ್ರೆ ಇವೇ ಮುಖ್ಯ ತಯಾರಿಕೆಗಳು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಬಿದರಿ ವಸ್ತುಗಳೂ ಇದ್ದವು. ಆ ಪ್ರದರ್ಶನವನ್ನು 60 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಯುರೋಪಿನ ಕೊಳ್ಳುಗರು ಮೆಚ್ಚಿದರು. ಆದರೆ ಅವರ ಮನೆಗಳಲ್ಲಿ ಪಾನ್‌ದಾನಿಗೆ ಏನು ಕೆಲಸ? ಕಾಲಕ್ರಮದಲ್ಲಿ ಅದೇ ಕೈಗಳು ಹೂದಾನಿ, ಮೇಣದಬತ್ತಿಯ ಕಂಬ, ಸಿಗರೇಟು ಪೆಟ್ಟಿಗೆ, ಬೂದಿ ತಟ್ಟೆ, ಕೋಟಿನ ಗುಂಡಿಗಳನ್ನು ಮಾಡತೊಡಗಿದವು. ರೂಪವನ್ನು ಕೊಳ್ಳುವವರು ನಿರ್ಧರಿಸಿದರು, ವಿದ್ಯೆ ಮಾತ್ರ ಕುಶಲಕರ್ಮಿಯದೇ ಆಗಿ ಉಳಿಯಿತು.

ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಿದರಿ ವಸ್ತುಗಳಿವೆ. ಅವುಗಳನ್ನು ಮಾಡಿದವರು ಯಾರು? ಹಳೆಯ ಬಿದರಿ ಪಾತ್ರೆಗಳಲ್ಲಿ ಹೆಚ್ಚಿನವುಗಳ ಮೇಲೆ ತಯಾರಕರ ಹೆಸರಿಲ್ಲ. ಊರಿನ ಹೆಸರು ಉಳಿಯಿತು, ಉಸ್ತಾದರ ಹೆಸರು ಅಳಿಯಿತು. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತು ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದು, ಒಬ್ಬ ಬಿದರಿ ಕುಶಲಕರ್ಮಿಯ ಹೆಸರು ಇಡೀ ದೇಶಕ್ಕೆ ತಿಳಿಯಿತು.

ವಿದ್ಯಾರ್ಥಿಗಳೇ, ಇದರಿಂದ ನಾವು ಕಲಿಯಬೇಕಾದುದೇನು? ಕೈಯಲ್ಲಿ ಹುನ್ನರು ಇದ್ದರಷ್ಟೇ ಸಾಲದು. ಲೆಕ್ಕ ಬರೆಯಲು, ಬೆಲೆ ಕೇಳಲು, ದೂರದೇಶದ ಕೊಳ್ಳುಗನಿಗೆ ಪತ್ರ ಬರೆಯಲು, ತನ್ನ ಕೆಲಸದ ಮೇಲೆ ತನ್ನ ಹೆಸರು ಹಾಕಲು ಅಕ್ಷರವೂ ಬೇಕು. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಮರಗೆಲಸ, ಹೊಲಿಗೆ, ಕಸೂತಿ ಬಲ್ಲ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿರಿ. ಅವರ ಹೆಸರನ್ನೂ ಕೆಲಸದ ಕ್ರಮವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿರಿ. ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಕಲಿಸುವವರೂ ಕಲಿಯುವವರೂ ಇರುವವರೆಗೆ ಕೈಯ ವಿದ್ಯೆ ಮುಗಿದುಹೋಗುವುದಿಲ್ಲ.