ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಏಕೆ? ನಾಸಿಕದ ಗುಹೆಗಳಿಂದ ಇಗತ್‌ಪುರಿಯವರೆಗೆ

ಕನ್ನಡದಲ್ಲಿ ಅಸೂಯೆಗೆ ಹೊಟ್ಟೆಕಿಚ್ಚು ಎನ್ನುತ್ತೇವೆ. ಭಯವಾದರೆ ಎದೆ ಧಸಕ್ಕೆನ್ನುತ್ತದೆ, ಕೈಕಾಲು ತಣ್ಣಗಾಗುತ್ತವೆ. ಸಿಟ್ಟು ಬಂದರೆ ಮೈ ಉರಿಯುತ್ತದೆ. ಮಗು ಅತ್ತರೆ ಕರುಳು ಚುರುಕ್ಕೆನ್ನುತ್ತದೆ. ಧೈರ್ಯ ಹೋದವನು ಎದೆಗುಂದುತ್ತಾನೆ. ಭಾವನೆಯ ವಿಳಾಸವನ್ನು ನಮ್ಮ ಭಾಷೆ ಮೈಯಲ್ಲೇ ಬರೆದಿಟ್ಟಿದೆ.

ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ ಒಂದು ಲೇಖನ ಬರೆದ. ಭಾವನೆ ಅಂದರೇನು ಎಂಬುದು ಅದರ ಪ್ರಶ್ನೆ. ಹೆದರಿಕೆಯಾದ್ದರಿಂದ ಮೈ ನಡುಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅವನು ಅದನ್ನು ತಿರುಗಿಸಿ, ಮೈಯಲ್ಲಾಗುವ ಬದಲಾವಣೆಯ ಅನುಭವವೇ ಹೆದರಿಕೆ ಎಂದ. ಮಾತು ಹಾಗೆಯೇ ನಿಲ್ಲಲಿಲ್ಲ, ಇಂದಿಗೂ ಅದರ ಮೇಲೆ ವಾದ ನಡೆದಿದೆ. ಆದರೆ ಎದೆಬಡಿತ, ಉಸಿರು, ಹಸಿವು, ಕರುಳಿನ ಕಲಮಲ ಇವನ್ನು ಒಳಗಿನಿಂದ ಅರಿಯುವ ಶಕ್ತಿಗೆ ವಿಜ್ಞಾನ ಇಂದು ‘ಇಂಟರೊಸೆಪ್ಷನ್’ ಎನ್ನುತ್ತದೆ. ಭಾವನೆಗಳ ಅಧ್ಯಯನದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ.

ಹಾಗಾದರೆ ಮೈಯನ್ನು ಗಮನವಿಟ್ಟು ನೋಡಿ ಮನಸ್ಸನ್ನು ಹಿಡಿತಕ್ಕೆ ತರಬಹುದೇ? ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಒಂದು ಇತಿಹಾಸವಿದೆ. ಅದರ ಗುರುತುಗಳು ಹೆಚ್ಚು ದೂರದಲ್ಲೇನೂ ಇಲ್ಲ, ಗೋದಾವರಿಯ ಬದಿಯಲ್ಲಿವೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ‘ಕವಿರಾಜಮಾರ್ಗ’ ಗುರುತಿಸಿದ ಆ ಉತ್ತರದ ಗಡಿನದಿ ಹುಟ್ಟುವುದು ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ.

ಇಪ್ಪತ್ತು ಭಿಕ್ಷುಗಳ ಬಟ್ಟೆಯ ಲೆಕ್ಕ

ನಾಸಿಕ ಪಟ್ಟಣದ ಅಂಚಿನಲ್ಲಿ ತ್ರಿರಶ್ಮಿ ಬೆಟ್ಟವಿದೆ. ಅಲ್ಲಿನ ಬೌದ್ಧ ಗುಹೆಗಳನ್ನು ಊರವರು ‘ಪಾಂಡವಲೇಣಿ’ ಎಂದು ಕರೆಯುತ್ತಾರೆ. ನಮ್ಮಲ್ಲೂ ಹಾಗೆಯೇ ತಾನೇ, ಯಾರು ಕೆತ್ತಿದರೆಂದು ಮರೆತುಹೋದ ಕಲ್ಲುಗಳೆಲ್ಲ ಪಾಂಡವರ ಪಾಲಿಗೆ ಹೋಗುತ್ತವೆ. ಆದರೆ ಇಲ್ಲಿನ ಗೋಡೆಗಳು ಕೆತ್ತಿಸಿದವರ ಹೆಸರನ್ನು ಸ್ಪಷ್ಟವಾಗಿ ಹೇಳುತ್ತವೆ.

ಹತ್ತನೆಯ ಗುಹೆಯನ್ನು ಮಾಡಿಸಿದವನು ಕ್ಷತ್ರಪ ನಹಪಾನನ ಅಳಿಯ ಉಷವದಾತ. ಅವನ ಶಾಸನ ಬ್ಯಾಂಕಿನ ಠೇವಣಿ ಪತ್ರದಂತಿದೆ. ಸಂಘಕ್ಕೆ ಅವನು ಕೊಟ್ಟದ್ದು 3000 ಕಾರ್ಷಾಪಣ. ಅದರಲ್ಲಿ 2000ವನ್ನು ನೇಕಾರರ ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ 1ರಂತೆ, 1000ವನ್ನು ಇನ್ನೊಂದು ನೇಕಾರರ ಶ್ರೇಣಿಯಲ್ಲಿ ನೂರಕ್ಕೆ ಮುಕ್ಕಾಲಿನಂತೆ ಇಟ್ಟ. ಅಸಲನ್ನು ಯಾರೂ ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಖರ್ಚಿಗೆ. ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಗೆ. ನೀವೇ ಲೆಕ್ಕ ಹಾಕಿ: 2000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಜನರಿಗೆ ತಲಾ 12. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ.

ಗುಹೆಯ ಒಳಗೆ ನಡುವೆ ಹಜಾರ, ಸುತ್ತ ಸಣ್ಣ ಕೋಣೆಗಳು, ಕೋಣೆಯಲ್ಲಿ ಒಂದು ಕಲ್ಲುಮಂಚ. ಮಳೆಗಾಲದ ತಿಂಗಳುಗಳಲ್ಲಿ ಸಂಚಾರ ನಿಲ್ಲಿಸಿ ಭಿಕ್ಷುಗಳು ಒಂದೇ ಕಡೆ ಇರಬೇಕೆಂಬುದು ನಿಯಮ. ಅವರ ಸಾಧನೆಯ ವಿವರ ಶಾಸನದಲ್ಲಿಲ್ಲ, ಅದು ಇರುವುದು ಪಾಲಿ ಗ್ರಂಥಗಳಲ್ಲಿ. ‘ಸತಿಪಟ್ಠಾನ ಸುತ್ತ’ ಎಚ್ಚರದಿಂದ ನೋಡಬೇಕಾದ ನಾಲ್ಕನ್ನು ಹೇಳುತ್ತದೆ: ಕಾಯ, ವೇದನೆ, ಚಿತ್ತ, ಧಮ್ಮ. ಇಲ್ಲಿ ವೇದನೆ ಅಂದರೆ ನೋವು ಮಾತ್ರವಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು, ಹೀಗೆ ಮೂರು ಬಗೆಯ ಅನುಭವಕ್ಕೂ ಅದೇ ಹೆಸರು. ಬೌದ್ಧರ ಕಾರ್ಯಕಾರಣದ ಸರಪಳಿಯಲ್ಲಿ ವೇದನೆಯ ನಂತರದ ಕೊಂಡಿ ತೃಷ್ಣೆ. ಹಿತವಾದದ್ದು ಇನ್ನೂ ಬೇಕು, ಅಹಿತವಾದದ್ದು ತೊಲಗಬೇಕು. ಸಾಧಕ ಕೆಲಸ ಮಾಡಬೇಕಾದ ಜಾಗ ಆ ಎರಡು ಕೊಂಡಿಗಳ ನಡುವೆ. ಮೈಯಲ್ಲಿ ಏಳುವುದನ್ನು ತಡೆಯಲಾಗದು. ಎದ್ದ ಮೇಲೆ ಅದರ ಹಿಂದೆ ಓಡದಿರಬಹುದು.

ಆ ಕೆಲಸಕ್ಕೆ ಬೇಕಾದ ಮೌನವನ್ನು ಸಾಕುತ್ತಿದ್ದದ್ದು ಮಗ್ಗದ ಸದ್ದು ಎಂಬುದನ್ನು ಮಾತ್ರ ನೆನಪಿಡೋಣ. ಮುಂದೆ ಬೇಕಾಗುತ್ತದೆ.

ಕುಸಿದ ಹೆಂಗಸು

ಛತ್ರಪತಿ ಸಂಭಾಜಿನಗರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಅಜಂತಾ. ಅಲ್ಲಿನ 16ನೆಯ ಗುಹೆಯನ್ನು ಮಾಡಿಸಿದವನು ವಾಕಾಟಕ ದೊರೆ ಹರಿಷೇಣನ ಮಂತ್ರಿ ವರಾಹದೇವ, ಐದನೆಯ ಶತಮಾನದ ಕೊನೆಯ ಭಾಗದಲ್ಲಿ. ಅದರ ಗೋಡೆಯ ಮೇಲೊಂದು ಚಿತ್ರ ‘ಸಾಯುತ್ತಿರುವ ರಾಜಕುಮಾರಿ’ ಎಂದು ಪ್ರಸಿದ್ಧ. ನಿಜವಾಗಿ ಅವಳು ಸಾಯುತ್ತಿಲ್ಲ. ಬುದ್ಧನ ಮಲತಮ್ಮ ನಂದನ ಹೆಂಡತಿ ಅವಳು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗಂಡ ಭಿಕ್ಷುವಾದ ಸುದ್ದಿ ಬಂದಿದೆ. ಕುತ್ತಿಗೆ ಬಾಗಿದೆ, ರೆಪ್ಪೆ ಇಳಿದಿದೆ, ಸಖಿಯರು ಆತುಕೊಂಡಿದ್ದಾರೆ. ಚಿತ್ರಕಾರ ದುಃಖವನ್ನು ಮುಖದಲ್ಲಿ ಮಾತ್ರ ಇಡಲಿಲ್ಲ, ಇಡೀ ಮೈಯಲ್ಲಿ ಹರಿಯಬಿಟ್ಟ.

ಈ ಕಥೆಯನ್ನು ಅಶ್ವಘೋಷ ‘ಸೌಂದರನಂದ’ ಎಂಬ ಸಂಸ್ಕೃತ ಕಾವ್ಯವಾಗಿ ಬರೆದಿದ್ದಾನೆ. ಅದರಲ್ಲಿ ನಂದ ಭಿಕ್ಷುವಾಗುವುದು ಮನಸ್ಸಿಲ್ಲದ ಮನಸ್ಸಿನಿಂದ. ತಲೆ ಬೋಳಿಸಿದರೂ ಹೆಂಡತಿಯ ನೆನಪಿನಲ್ಲೇ ಬೇಯುತ್ತಾನೆ. ಕಾವ್ಯದ ಕೊನೆಯ ಸರ್ಗಗಳಲ್ಲಿ ಬುದ್ಧ ಅವನಿಗೆ ಬರಿಯ ಉಪದೇಶ ಕೊಡುವುದಿಲ್ಲ, ಕೆಲಸ ಕೊಡುತ್ತಾನೆ: ಕೂರುವಾಗ, ನಡೆಯುವಾಗ, ಉಣ್ಣುವಾಗ ಎಚ್ಚರವಿರಲಿ, ಗಮನವನ್ನು ಒಂದೆಡೆ ನಿಲ್ಲಿಸು, ಯಾವ ಬಗೆಯ ಕಳವಳಕ್ಕೆ ಯಾವ ಧ್ಯಾನ ಎಂದು ತಿಳಿದು ಮಾಡು. ನಂದ ದಾರಿ ಕಂಡುಕೊಳ್ಳುತ್ತಾನೆ. ಗೋಡೆಯ ಮೇಲಿನ ಹೆಂಗಸು ಮಾತ್ರ ಹದಿನೈದು ಶತಮಾನಗಳಿಂದ ಕುಸಿಯುತ್ತಲೇ ಇದ್ದಾಳೆ. ಒಬ್ಬನ ನೆಮ್ಮದಿಯ ಬೆಲೆ ಕೆಲವೊಮ್ಮೆ ಇನ್ನೊಬ್ಬರ ಮೈಮೇಲೆ ಬೀಳುತ್ತದೆ. ಗುಹೆಯಲ್ಲಿ ವಾಸವಿದ್ದ ಭಿಕ್ಷುಗಳು ದಿನವೂ ಇದನ್ನು ನೋಡುತ್ತಿದ್ದರು.

ಅಕೌಂಟೆಂಟ್ ಜನರಲ್ ಮತ್ತು ತಲೆನೋವು

ಭಾರತದಲ್ಲಿ ಬೌದ್ಧ ವಿಹಾರಗಳು ಬರಿದಾದವು. ಮುಂದಿನ ಅಧ್ಯಾಯ ಬರ್ಮಾದ್ದು. 1885ರಲ್ಲಿ ಬ್ರಿಟಿಷರು ಮಾಂಡಲೆ ಹಿಡಿದು ಅಲ್ಲಿನ ಅರಸನನ್ನು ಗಡೀಪಾರು ಮಾಡಿದರು. ಧರ್ಮಕ್ಕೆ ಆಶ್ರಯವಾಗಿದ್ದ ಸಿಂಹಾಸನವೇ ಹೋಯಿತು. ಇನ್ನು ಧರ್ಮವನ್ನು ಉಳಿಸುವವರು ಯಾರು? ಲೇಡಿ ಸಯಾಡೊ (1846–1923) ಎಂಬ ವಿದ್ವಾಂಸ ಭಿಕ್ಷು ಕೊಟ್ಟ ಉತ್ತರ: ಜನಸಾಮಾನ್ಯರು. ಸಂಸಾರಸ್ಥರೂ ಶಾಸ್ತ್ರ ಓದಲಿ, ಧ್ಯಾನ ಮಾಡಲಿ ಎಂದು ಊರೂರು ಸುತ್ತಿ ಕಲಿಸಿದರು. ಇಂದು ಲಕ್ಷಾಂತರ ಗೃಹಸ್ಥರು ಕಣ್ಣುಮುಚ್ಚಿ ಕೂರುವುದನ್ನು ನಾವು ಬಲು ಹಳೆಯ ಪದ್ಧತಿ ಎಂದುಕೊಳ್ಳುತ್ತೇವೆ. ವಿಧಾನದ ಬೇರು ಹಳೆಯದೇ. ಜನಸಾಮಾನ್ಯರು ಗುಂಪುಗುಂಪಾಗಿ ಧ್ಯಾನಕ್ಕೆ ಕೂರುವುದು ಮಾತ್ರ ವಸಾಹತುಶಾಹಿಯ ಆಘಾತದಿಂದ ಬೆಳೆದದ್ದು.

ಲೇಡಿ ಸಯಾಡೊ ಅವರಿಂದ ಇದು ಸಯಾ ಥೆಟ್‌ಜಿ (1873–1945) ಎಂಬ ರೈತನಿಗೆ ಬಂತು. ಕಾಲರಾದಲ್ಲಿ ಮಕ್ಕಳನ್ನು ಕಳೆದುಕೊಂಡು ತತ್ತರಿಸಿದ್ದ ಮನುಷ್ಯ ಅವರು. ಅವರಿಂದ ಉ ಬಾ ಖಿನ್ (1899–1971) ಎಂಬ ಸರ್ಕಾರಿ ನೌಕರರಿಗೆ. ಉ ಬಾ ಖಿನ್ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆದವರು. ಕಚೇರಿಯ ಸಿಬ್ಬಂದಿಗೆ ಧ್ಯಾನ ಕಲಿಸುತ್ತಿದ್ದರು, 1952ರಲ್ಲಿ ರಂಗೂನಿನಲ್ಲಿ ಕೇಂದ್ರ ತೆರೆದರು.

1955ರಲ್ಲಿ ಅವರ ಬಳಿಗೆ ಒಬ್ಬ ಮಾರವಾಡಿ ಉದ್ಯಮಿ ಬಂದರು. ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ. ಅವರಿಗೆ ಅರೆತಲೆನೋವು, ಸಹಿಸಲಾಗದಷ್ಟು. ಮಾರ್ಫಿನ್ ಚುಚ್ಚಿಸಿಕೊಳ್ಳುತ್ತಿದ್ದರು, ಅದರ ಚಟ ಹತ್ತುವ ಭಯ ಬೇರೆ. ವಿದೇಶದ ವೈದ್ಯರಿಂದಲೂ ಆಗಲಿಲ್ಲ. ತಲೆನೋವಿಗೆ ಮದ್ದೆಂದು ಬಂದಿದ್ದರೆ ಬೇಡ ಎಂದರಂತೆ ಉ ಬಾ ಖಿನ್. ಮನಸ್ಸಿನ ಮೈಲಿಗೆ ತೊಳೆಯಲು ಬರುವುದಾದರೆ ಬಾ, ನೋವು ಹೋದರೆ ಅದು ಜೊತೆಗೆ ಸಿಕ್ಕ ಲಾಭ. ಗೋಯೆಂಕಾ ತಮ್ಮ ಸಿಟ್ಟು, ಅಹಂಕಾರ, ಒತ್ತಡಗಳೇ ತಲೆನೋವಿನ ಬೇರು ಎಂದು ಆಮೇಲೆ ಹೇಳುತ್ತಿದ್ದರು.

ಬರ್ಮಾದ ಸೇನಾ ಸರ್ಕಾರ ಉದ್ಯಮಗಳನ್ನು ರಾಷ್ಟ್ರೀಕರಿಸಿದಾಗ ಅವರ ಕಾರ್ಖಾನೆಗಳೂ ಹೋದವು. 1969ರಲ್ಲಿ ಭಾರತಕ್ಕೆ ಬಂದರು. ಆ ಜುಲೈಯಲ್ಲಿ ಮುಂಬಯಿಯ ಒಂದು ಧರ್ಮಶಾಲೆಯಲ್ಲಿ ಮೊದಲ ಶಿಬಿರ. ಇದ್ದದ್ದು 14 ಮಂದಿ, ಅವರಲ್ಲಿ ಅವರ ತಂದೆ ತಾಯಿಯೂ ಇದ್ದರು.

ಘಾಟಿ ಹತ್ತಿದ ಮೇಲೆ

ಮುಂಬಯಿಯಿಂದ ನಾಸಿಕಕ್ಕೆ ಹೋಗುವ ರೈಲು ಕಸಾರಾದಲ್ಲಿ ನಿಲ್ಲುತ್ತದೆ. ಮುಂದಿನ ಏರು 37ಕ್ಕೆ 1. ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸಿಕೊಂಡು ಥಲ್ ಘಾಟಿ ಹತ್ತಿದರೆ ಇಗತ್‌ಪುರಿ. ಅಲ್ಲಿನ ಧಮ್ಮಗಿರಿಯಲ್ಲಿ 1976ರಿಂದ ವಿಪಶ್ಯನ ಶಿಬಿರಗಳು ನಡೆಯುತ್ತಿವೆ.

ಹತ್ತು ದಿನ. ಬೆಳಗಿನ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಫೋನಿಲ್ಲ, ಓದು ಬರಹವಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಬಳಿ ಉಸಿರು ಬಂದು ಹೋಗುವುದನ್ನು ನೋಡುವುದಷ್ಟೇ ಕೆಲಸ. ಶೂರ್ಪನಖಿಯ ಮೂಗಿನಿಂದ ಹೆಸರು ಪಡೆದದ್ದೆಂದು ಜನ ಹೇಳುವ ಜಿಲ್ಲೆಯಲ್ಲಿ ಇದು ತಕ್ಕ ಅಭ್ಯಾಸವೇ. ನಾಲ್ಕನೆಯ ದಿನದಿಂದ ಗಮನವನ್ನು ನೆತ್ತಿಯಿಂದ ಅಂಗಾಲಿನವರೆಗೆ ಅಂಗುಲ ಅಂಗುಲವಾಗಿ ಒಯ್ಯಬೇಕು. ಎಲ್ಲೋ ತುರಿಕೆ, ಎಲ್ಲೋ ಶಾಖ, ಮಂಡಿಯಲ್ಲಿ ನೋವು, ಬೆನ್ನಲ್ಲಿ ಸಣ್ಣ ಕಂಪನ. ತುರಿಸಬೇಡ, ಹಿಗ್ಗಬೇಡ, ನೋಡು. ಹುಟ್ಟಿದ್ದು ಹೋಗುತ್ತದೆ. ಮಂಡಿನೋವಿನೊಂದಿಗೆ ಇದನ್ನು ಕಲಿತವನು ಸಿಟ್ಟಿನ ಬಿಸಿ ಎದೆಗೇರುವಾಗ ಅದನ್ನೂ ಗುರುತಿಸಬಲ್ಲ ಎಂಬುದು ತರ್ಕ. ಬೈಗುಳ ಬಾಯಿಗೆ ಬರುವ ಮೊದಲು ಮೈಯಲ್ಲಿ ಬಂದಿರುತ್ತದಲ್ಲ.

ಶುಲ್ಕವಿಲ್ಲ. ಹಿಂದೆ ಶಿಬಿರ ಮುಗಿಸಿದವರ ದಾನದಿಂದ ಊಟ, ವಸತಿ. ಉಷವದಾತನ ಲೆಕ್ಕದ ಇನ್ನೊಂದು ರೂಪ.

ಈ ದಾರಿ ಇಲ್ಲಿಂದ ಹಲವು ಕಡೆಗೆ ಹೋಯಿತು. 1975ರಲ್ಲಿ ಜೈಪುರದ ಜೈಲಿನಲ್ಲಿ ಶಿಬಿರವಾಯಿತು. 1994ರ ಏಪ್ರಿಲ್‌ನಲ್ಲಿ, ಕಿರಣ್ ಬೇಡಿ ಅಧಿಕಾರಿಯಾಗಿದ್ದಾಗ, ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತರು. 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಜಾನ್ ಕಬಟ್-ಜಿನ್ ದೀರ್ಘಕಾಲದ ನೋವಿನವರಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿದರು. ಅದರ ‘ಬಾಡಿ ಸ್ಕ್ಯಾನ್’ ಉ ಬಾ ಖಿನ್ ಪರಂಪರೆಯಿಂದ ಬಂದದ್ದು. ಇವತ್ತು ಮೊಬೈಲ್ ಆ್ಯಪ್‌ನಲ್ಲಿ ಇಂಪಾದ ದನಿಯೊಂದು ಪಾದದತ್ತ ಗಮನ ಕೊಡಿ ಎಂದರೆ, ಅದರ ಹಿಂದೆ ಬರ್ಮಾದ ಒಬ್ಬ ರೈತನೂ ಒಬ್ಬ ಲೆಕ್ಕಪತ್ರದ ಅಧಿಕಾರಿಯೂ ನಿಂತಿದ್ದಾರೆ.

ಇದು ಎಲ್ಲರಿಗೂ ಎಲ್ಲ ಕಾಲಕ್ಕೂ ಮದ್ದಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಈ ಶಿಬಿರ ತಕ್ಕದ್ದಲ್ಲ ಎಂದು ಕೇಂದ್ರಗಳೇ ಎಚ್ಚರಿಸುತ್ತವೆ. ಒಳಗೆ ನೋಡುವುದು ಕೆಲವರಿಗೆ ಕಳವಳವನ್ನು ಹೆಚ್ಚಿಸಬಲ್ಲದು.

ಆರಬಾರದ ಸಿಟ್ಟು

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು, ಅದನ್ನು ಕೇಳಿದ್ದೂ ಇದೇ ನೆಲ. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಅಂಬೇಡ್ಕರ್ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾಯಿತು. ಬಾಗಿಲು ತೆರೆಯಲಿಲ್ಲ. ವರ್ಷಗಟ್ಟಲೆ ಹೋರಾಟ ನಡೆಯಿತು. 1935ರ ಅಕ್ಟೋಬರ್ 13ರಂದು ಇದೇ ಜಿಲ್ಲೆಯ ಯೇವಲೆಯಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು ಘೋಷಿಸಿದರು. ಆಗಿನ ಔರಂಗಾಬಾದಿನಲ್ಲಿ 1950ರಲ್ಲಿ ಅವರು ತೆರೆದ ಕಾಲೇಜಿಗೆ, ಭಿಕ್ಷು ನಾಗಸೇನನನ್ನು ಪ್ರಶ್ನಿಸಿದ ಗ್ರೀಕ್ ದೊರೆ ಮಿಲಿಂದನ ಹೆಸರಿಟ್ಟರು. ಪ್ರಶ್ನೆ ಕೇಳುವವನ ಹೆಸರು, ಗಮನಿಸಿ.

ಆ ದೇವಸ್ಥಾನದ ಬಾಗಿಲಲ್ಲಿ ನಿಂತವರಿಗೆ ಮೈ ಉರಿಯುತ್ತಿರಲಿಲ್ಲವೇ? ಆ ಉರಿಯನ್ನು ಸುಮ್ಮನೆ ನೋಡಿ, ಹೋಗಲಿ ಬಿಡಿ ಎಂದು ಅವರಿಗೆ ಹೇಳುವ ಹಕ್ಕು ಯಾರಿಗಿದೆ? ಸಾವಿನ ನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅಂಬೇಡ್ಕರ್ ಭಿಕ್ಷುವಿನ ಬಗ್ಗೆ ಇದನ್ನೇ ಎತ್ತುತ್ತಾರೆ. ತನ್ನ ಪರಿಪೂರ್ಣತೆಯಷ್ಟೇ ಅವನ ಗುರಿಯಾದರೆ ಅವನು ಸ್ವಾರ್ಥಿ. ಸಮಾಜದ ಸೇವಕನಾದರೆ ಮಾತ್ರ ಧಮ್ಮಕ್ಕೆ ಅವನಿಂದ ಭರವಸೆ. ನೌಕರರಿಗೆ ಸಂಬಳ ಕೊಡದೆ ಧ್ಯಾನದ ತರಗತಿ ಕೊಡುವ ಕಾಲದಲ್ಲಿ ಈ ಮಾತು ಇನ್ನೂ ಚುಚ್ಚುತ್ತದೆ. ಬಟ್ಟೆ ನೇಯ್ದವರನ್ನು ಮರೆತು ಗುಹೆಯ ತಂಪನ್ನಷ್ಟೇ ಹೊಗಳುವವರಿಗೂ.

ಪೈಠಣದ ಮರಳು

ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಹದಿನಾರನೆಯ ಶತಮಾನದ ಸಂತ ಏಕನಾಥರ ಬಗ್ಗೆ ಎರಡು ಕಥೆಗಳಿವೆ. ಮಹಾರಾಷ್ಟ್ರದಲ್ಲಿ ಮಕ್ಕಳಿಗೂ ಗೊತ್ತು. ಮೊದಲನೆಯದು: ಗೋದಾವರಿಯಲ್ಲಿ ಮಿಂದು ಬರುತ್ತಿದ್ದ ನಾಥರ ಮೇಲೆ ಒಬ್ಬ ಉಗುಳಿದ. ನಾಥರು ತಿರುಗಿ ಹೋಗಿ ಮಿಂದು ಬಂದರು. ಅವನು ಮತ್ತೆ ಉಗುಳಿದ, ಅವರು ಮತ್ತೆ ಮಿಂದರು. ಕೊನೆಗೆ ಸೋತು ಕಾಲಿಗೆ ಬಿದ್ದವನಿಗೆ, ನಿನ್ನಿಂದ ಇಷ್ಟು ಸಲ ಗಂಗಾಸ್ನಾನವಾಯಿತಪ್ಪ ಎಂದರಂತೆ.

ಎರಡನೆಯದು: ಬಿರುಬಿಸಿಲಿನಲ್ಲಿ ಅದೇ ನದಿಯ ಕಾದ ಮರಳಿನ ಮೇಲೆ ಅಸ್ಪೃಶ್ಯರೆನಿಸಿದವರ ಮಗುವೊಂದು ಅಳುತ್ತಿತ್ತು. ಮಡಿಯಲ್ಲಿದ್ದ ನಾಥರು ಯೋಚಿಸಲಿಲ್ಲ. ಎತ್ತಿ ಸೊಂಟಕ್ಕಿಟ್ಟುಕೊಂಡು ಅವರ ಕೇರಿಗೆ ಮುಟ್ಟಿಸಿ ಬಂದರು. ಊರಿನ ಬ್ರಾಹ್ಮಣರ ಸಿಟ್ಟನ್ನೂ ಕಟ್ಟಿಕೊಂಡರು.

ಎರಡನ್ನೂ ಒಬ್ಬನೇ ಮನುಷ್ಯನ ಕಥೆಯಾಗಿ ಓದಬೇಕು. ತನ್ನ ಮೇಲೆ ಬಿದ್ದ ಉಗುಳಿಗೆ ಅವರ ಮೈ ಕಾಯಲಿಲ್ಲ. ಇನ್ನೊಬ್ಬರ ಮಗುವಿನ ಅಂಗಾಲು ಸುಟ್ಟದ್ದಕ್ಕೆ ಕರುಳು ಚುರುಕ್ಕೆಂದಿತು. ಮೈಯ ಸುದ್ದಿಯನ್ನು ಅವರು ಆರಿಸಿಬಿಟ್ಟಿರಲಿಲ್ಲ. ಯಾವ ಉರಿ ತನ್ನ ಅಹಂಕಾರದ್ದು, ಯಾವುದು ಎದುರಿನ ಅನ್ಯಾಯದ್ದು ಎಂದು ಬೇರೆ ಮಾಡಬಲ್ಲವರಾಗಿದ್ದರು. ಹೊಟ್ಟೆಕಿಚ್ಚು, ಕರುಳಿನ ಚುರುಕು ಎರಡೂ ಒಂದೇ ಹೊಟ್ಟೆಯಲ್ಲಿ ಏಳುತ್ತವೆ. ಹತ್ತು ದಿನ ಮೌನವಾಗಿ ಕೂತು ಬಂದವನು ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತಿದ್ದರೆ ಶಿಬಿರ ಸಾರ್ಥಕವಾಯಿತು ಎನ್ನಬಹುದು.