ಪಾರಿಮಾಂಡಲ್ಯವೂ ಪರಮಾಣುವಿನ ಅಳತೆಯೂ

ಆಧುನಿಕ ರಸಾಯನಶಾಸ್ತ್ರವೆಲ್ಲವೂ ಕಣಾದ ಮಹರ್ಷಿಗಳ ದರ್ಶನದಲ್ಲಿ ಬೀಜರೂಪವಾಗಿ ಅಡಗಿರುವುದೆಂದು ನಮ್ಮ ಪಂಡಿತರಲ್ಲಿ ಕೆಲವರು ಹೇಳುವುದುಂಟು. ‘ಪರಮಾಣು’ ಎಂಬ ಶಬ್ದವು ಎರಡು ಶಾಸ್ತ್ರಗಳಲ್ಲಿಯೂ ಒಂದೇ ಆಗಿರುವುದು ಈ ಭ್ರಾಂತಿಗೆ ಮೂಲ. ಪರಮಾಣುವಿನ ಪರಿಮಾಣವೊಂದನ್ನೇ ವಿಚಾರಿಸಿದರೂ ಭೇದವು ಸ್ಪಷ್ಟವಾಗುವುದು.

ವೈಶೇಷಿಕರ ಮತದಲ್ಲಿ ಪೃಥಿವಿ, ಜಲ, ತೇಜಸ್ಸು, ವಾಯು ಇವುಗಳ ಪರಮಾಣುಗಳು ಗುಣದಲ್ಲಿ ಬೇರೆಯಾದರೂ ಪರಿಮಾಣದಲ್ಲಿ ಸಮಾನವಾದವು. ಆ ಪರಿಮಾಣಕ್ಕೆ ಪಾರಿಮಾಂಡಲ್ಯವೆಂದು ಹೆಸರು, ಅದು ನಿತ್ಯ. ಅಷ್ಟೇ ಅಲ್ಲ, ಅದು ಯಾವುದಕ್ಕೂ ಕಾರಣವಲ್ಲ. ಪರಿಮಾಣವು ತನ್ನ ಜಾತಿಯಲ್ಲಿಯೇ ಉತ್ಕೃಷ್ಟವಾದುದನ್ನು ಹುಟ್ಟಿಸುವುದಾದ್ದರಿಂದ, ಅಣುವಿನಿಂದ ಅಣುತರವೇ ಹುಟ್ಟಬೇಕಾದೀತು. ಈ ದೋಷವು ತಟ್ಟದಂತೆ ಪ್ರಶಸ್ತಪಾದರು ತ್ರ್ಯಣುಕದ ಮಹತ್ತ್ವಕ್ಕೆ ದ್ವ್ಯಣುಕಗಳ ಬಹುತ್ವಸಂಖ್ಯೆಯನ್ನೇ ಕಾರಣವಾಗಿ ಹೇಳಿದರು. ವಿಶ್ವನಾಥ ಪಂಚಾನನನೂ ಕಾರಣತ್ವವನ್ನು ನಿರೂಪಿಸುವಾಗ ಪಾರಿಮಾಂಡಲ್ಯವನ್ನು ಹೊರತುಪಡಿಸಿದ್ದಾನೆ.

ಇನ್ನು ಪಾಶ್ಚಾತ್ಯರ ವಿಚಾರ. 1869ರಲ್ಲಿ ರಷ್ಯಾದ ಮೆಂಡಲೀವನು ಮೂಲವಸ್ತುಗಳನ್ನು ಪರಮಾಣುಭಾರದ ಕ್ರಮದಲ್ಲಿ ಕೋಷ್ಟಕಕ್ಕೆ ತಂದನು. ಮರುವರ್ಷ ಜರ್ಮನಿಯ ಲೋಥಾರ್ ಮೇಯರನು ಪರಮಾಣುಗಳ ಗಾತ್ರವನ್ನು ಭಾರದೊಡನೆ ಹೋಲಿಸಿ ರೇಖೆಯೆಳೆಯಲು, ಅದು ಅಲೆಯಂತೆ ಏರಿಳಿದು ಸೋಡಿಯಂ, ಪೊಟಾಸಿಯಂ ಮೊದಲಾದ ಕ್ಷಾರಲೋಹಗಳಲ್ಲಿ ಶಿಖರವನ್ನು ಮುಟ್ಟಿತು. ಅಳತೆಯು ಸಮಾನವಲ್ಲವೆಂಬುದೂ, ಆ ವೈಷಮ್ಯಕ್ಕೆ ನಿಯಮವುಂಟೆಂಬುದೂ ಹೀಗೆ ತಿಳಿದುಬಂದವು. 1920ರಲ್ಲಿ ಲಾರೆನ್ಸ್ ಬ್ರಾಗನು ಕ್ಷ-ಕಿರಣಗಳಿಂದ ತಿಳಿದ ಸ್ಫಟಿಕರಚನೆಯನ್ನು ಆಧರಿಸಿ ವ್ಯಾಸಾರ್ಧಗಳನ್ನು ಗಣಿಸಿದನು. ಮೀಟರಿನ ಲಕ್ಷಕೋಟಿಯಲ್ಲಿ ಒಂದು ಭಾಗವು ಪಿಕೋಮೀಟರು. ಆ ಮಾನದಲ್ಲಿ, ಕೋಷ್ಟಕದ ಮೊದಲ ಕಂಬಸಾಲಿನಲ್ಲಿ ಕೆಳಗಿಳಿದಂತೆ ಲಿಥಿಯಂ 152, ಸೋಡಿಯಂ 186, ಪೊಟಾಸಿಯಂ 227 ಎಂದು ವ್ಯಾಸಾರ್ಧವು ಬೆಳೆಯುವುದು. ಅಡ್ಡಸಾಲಿನಲ್ಲಿ ಬಲಕ್ಕೆ ಸರಿದಂತೆ ಸೋಡಿಯಂ 186, ಮೆಗ್ನೀಸಿಯಂ 160, ಅಲ್ಯೂಮಿನಿಯಂ 143 ಎಂದು ಕುಗ್ಗುವುದು. ಕೆಳಗಿಳಿದಾಗ ಎಲೆಕ್ಟ್ರಾನುಗಳ ಹೊಸ ಕವಚವೊಂದು ಸೇರುವುದು. ಬಲಕ್ಕೆ ಸರಿದಾಗ ಅದೇ ಕವಚವನ್ನು ಬೀಜಕೇಂದ್ರದ ಹೆಚ್ಚಿದ ವಿದ್ಯುದಂಶವು ಒಳಕ್ಕೆ ಸೆಳೆಯುವುದು.

ಈ ಅಳತೆಯು ಕಾರಣವಾಗಬಲ್ಲುದೆಂಬುದಕ್ಕೆ ನಿದರ್ಶನವು ದೂರದಲ್ಲಿಲ್ಲ. ಗುತ್ತಲು ಸೇರಿರುವ ಮಂಡ್ಯ ಜಿಲ್ಲೆಯಲ್ಲಿಯೇ, ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ, 1,600 ಟನ್ನು ಲಿಥಿಯಂ ಇರುವುದೆಂಬ ಅಂದಾಜನ್ನು ಭಾರತ ಸರ್ಕಾರವು 2021ರಲ್ಲಿ ಪ್ರಕಟಿಸಿತು. ಸೋಡಿಯಂ, ಪೊಟಾಸಿಯಂಗಳು ಸಾಮಾನ್ಯ ಶಿಲೆಗಳ ಫೆಲ್ಡ್‌ಸ್ಪಾರ್ ಖನಿಜದಲ್ಲಿ ನೆಲೆಸಿವೆ. ಅದೇ ಕುಲದ ಲಿಥಿಯಮ್ಮಾದರೋ ತೀರ ಚಿಕ್ಕದಾಗಿ ಆ ಸ್ಥಾನಕ್ಕೆ ಹೊಂದದೆ, ಶಿಲಾರಸವು ಆರುವ ಕಡೆಯ ಘಟ್ಟದವರೆಗೆ ಉಳಿದು, ಪೆಗ್ಮಟೈಟ್ ಶಿಲೆಯಲ್ಲಿ ಸ್ಪಾಡ್ಯುಮೀನ್ ಎಂಬ ಬೇರೆ ಖನಿಜದಲ್ಲಿ ಸೇರಿತು.

ನಮ್ಮ ತಾರ್ಕಿಕರು ಅಕಾರಣವೆಂದು ಬಿಟ್ಟ ಪರಿಮಾಣವೇ ಇಲ್ಲಿ ಕಾರಣವಾಯಿತು. ಇದರಿಂದ ಕಣಾದರಿಗೆ ನ್ಯೂನತೆಯೇನೂ ಬಾರದು. ಅವರ ಪರಮಾಣುವು ವಿಭಾಗದ ಕೊನೆಯೆಂದು ಯುಕ್ತಿಯಿಂದ ಸಾಧಿಸಿದ ನಿರವಯವ ದ್ರವ್ಯ. ಇವರದು ಸಾವಯವವಾದುದು, ಅಳೆದು ಕಂಡದ್ದು. ಶಬ್ದವು ಒಂದೆಂದು ಅರ್ಥವನ್ನೂ ಒಂದು ಮಾಡಿದರೆ ಎರಡು ಶಾಸ್ತ್ರಗಳಿಗೂ ಅಪಚಾರವೆಸಗಿದಂತಾಗುವುದು.