ಹೆಗ್ಗೋಡು ಬೆಳೆಸಿದ ಪ್ರೇಕ್ಷಕರು

ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಪುಟ್ಟ ಊರು. 1949ರಲ್ಲಿ ಅಲ್ಲಿನವರು ನೀಲಕಂಠೇಶ್ವರನ ಹೆಸರಿನಲ್ಲಿ ಒಂದು ನಾಟ್ಯಸೇವಾ ಸಂಘ ಕಟ್ಟಿಕೊಂಡರು. ಅದೇ ಇಂದಿನ ನೀನಾಸಮ್. ಹವ್ಯಾಸಿ ತಂಡಗಳು ಆಗ ಊರೂರಲ್ಲಿದ್ದವು. ಬಹಳಷ್ಟು ನಾಲ್ಕಾರು ವರ್ಷ ಆಡಿ ನಿಂತುಹೋದವು. ಹೆಗ್ಗೋಡಿನದು ನಿಲ್ಲಲಿಲ್ಲ. ಮೈಸೂರಿನಲ್ಲಿ ಓದಿದ ಕೆ.ವಿ. ಸುಬ್ಬಣ್ಣನವರು ಊರಲ್ಲೇ ಬೇರು ಬಿಟ್ಟು ಅದನ್ನು ಬೆಳೆಸಿದರು.

1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ತಲೆಯೆತ್ತಿತು. ಮರುವರ್ಷ ಚಿತ್ರಸಮಾಜವೂ ಬಂತು. ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನು ತೋಟದ ಕೆಲಸ ಮುಗಿಸಿ ಬಂದವರೂ ಕೂತು ನೋಡಿದರು. ಒಳ್ಳೆಯದು ಹಳ್ಳಿಯವರಿಗೆ ಅರ್ಥವಾಗದು ಎಂಬ ಮಾತನ್ನು ಸುಬ್ಬಣ್ಣ ಒಪ್ಪಲೇ ಇಲ್ಲ. ನನ್ನ ಮಟ್ಟಿಗೆ ಕಟ್ಟಡಕ್ಕಿಂತ ದೊಡ್ಡ ಸಾಧನೆ ಇದು.

1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಂಡ ‘ತಿರುಗಾಟ’. ತಿರುಗಾಟ ಬಂದ ದಿನ ಊರಿನ ಸಂಘಟಕರಿಗೆ ಬೆಳಗಿನಿಂದಲೇ ಓಡಾಟ. ರಾತ್ರಿ ರಾಜನಾಗುವ ನಟನೇ ಮಧ್ಯಾಹ್ನ ವಾಹನದಿಂದ ಪೆಟ್ಟಿಗೆ ಇಳಿಸುತ್ತಾನೆ, ಪರದೆ ಕಟ್ಟುತ್ತಾನೆ, ಲೈಟು ಹೊಂದಿಸುತ್ತಾನೆ. ಆಮೇಲೆ ಮುಖಕ್ಕೆ ಬಣ್ಣ. ಆಟ ಮುಗಿದ ಮೇಲೆ ಎಲ್ಲ ಬಿಚ್ಚಿ ಕಟ್ಟಿ ಮುಂದಿನ ಊರಿಗೆ ಹೊರಡಬೇಕು. ಶೇಕ್ಸ್‌ಪಿಯರ್, ಬ್ರೆಕ್ಟ್, ಕಾಳಿದಾಸ ಕನ್ನಡದ ಸಣ್ಣ ಊರುಗಳನ್ನು ಮುಟ್ಟಿದ್ದು ಈ ದುಡಿಮೆಯಿಂದ.

ಆಲೂರು, ಸಕಲೇಶಪುರದ ಕಡೆಯ ನಮಗೆ ಈ ಚರಿತ್ರೆ ಹೊರಗಿನದಲ್ಲ. ಕಾಫಿ ತೋಟಗಳ ನಮ್ಮ ಸೀಮೆಯಲ್ಲೇ ಬೆಳ್ಳೇಕೆರೆಯ ಜೈ ಕರ್ನಾಟಕ ಸಂಘ ನಾಟಕ ಆಡಿದೆ. ಪ್ರಸಾದ್ ರಕ್ಷಿದಿಯವರು ಆ ಅನುಭವವನ್ನು ‘ಬೆಳ್ಳೇಕೆರೆ ಹಳ್ಳಿ ಥೇಟರ್’ ಪುಸ್ತಕವಾಗಿಸಿದ್ದಾರೆ. ಕೂಲಿಯವರೂ ಬೆಳೆಗಾರರೂ ಒಂದೇ ನಾಟಕದ ಮುಂದೆ ಕೂರುವುದು ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಇಲ್ಲಿ ಮಳೆಗಾಲ ಉದ್ದ, ಕೊಯ್ಲಿನ ದಿನಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅದರ ನಡುವೆ ತಾಲೀಮಿಗೆ ಸಂಜೆ ಹೊಂದಿಸುವುದೆಂದರೆ ಅರ್ಧ ನಾಟಕ ಆಡಿದ ಹಾಗೆ!

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರ ಜುಲೈ 16ರಂದು ಅವರು ತೀರಿಕೊಂಡರು. ಆಮೇಲೂ ರಂಗಶಿಕ್ಷಣ ನಡೆಯಿತು, ತಿರುಗಾಟ ಹೊರಟಿತು. ಹಾಗೆ ಬಂದ ತಂಡಕ್ಕೆ ಊಟ, ವಸತಿ ಒದಗಿಸಿ, ಮನೆಮನೆಗೆ ಹೋಗಿ ಟಿಕೆಟ್ ಮಾರಿದ ಊರಿನವರ ಹೆಸರು ಯಾವ ಕರಪತ್ರದಲ್ಲೂ ಪೂರ್ತಿ ಅಚ್ಚಾಗಿಲ್ಲ. ಈ ಚರಿತ್ರೆ ಅವರಿಗೂ ಸಲ್ಲಬೇಕು.